ಕೆರಿ ನೀರಿನ ರಿಪೋರ್ಟಿನಾಗ ಪಾದರಸ ‘ಪತ್ತೆಯಾಗಿಲ್ಲ’ ಅಂತ ಬಂದ್ರ ಮೀನೂ ಸೇಫ್ ಏನ್ರಿ?

ಕೆರಿದಂಡಿ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ. ಪರಿಸರ ವಿಜ್ಞಾನದ ಎಂ.ಎಸ್ಸಿ ಪ್ರಾಜೆಕ್ಟಿಗೆ ಕಲಬುರಗಿ ತಾಲೂಕಿನ ಒಂದು ಕೆರಿ ತಗೊಂಡೀವಿ. ನೀರಿನ ರಿಪೋರ್ಟಿನಾಗ ಒಟ್ಟು ಪಾದರಸ ‘ಲೀಟರಿಗೆ 0.001 ಮಿ.ಗ್ರಾಂ.ಗಿಂತ ಕಡಿಮೆ, ಪತ್ತೆಯಾಗಿಲ್ಲ’ ಅಂತ ಅದ. ಕುಡಿಯೋ ನೀರಿನ ಐಎಸ್ 10500 ಮಿತಿನೂ ಅಷ್ಟೇ. ಹಂಗಂದ್ರ ಪಾದರಸದ ವಿಷಯ ಇಲ್ಲಿಗೇ ಮುಗೀತು ಅಂತ ಬರಿಬಹುದಾ? ಪುಸ್ತಕದಾಗ ಮಾತ್ರ ಸಾದಾ ಪಾದರಸ ಕೆಸರಿನಾಗ ಮೀಥೈಲ್ ಪಾದರಸ (ಕಾರ್ಬನ್ನಿನ ಮೀಥೈಲ್ ಗುಂಪು ಅಂಟಿದ, ಹೆಚ್ಚು ವಿಷದ ರೂಪ) ಆಗ್ತದ, ಅದು ಮೀನಿನಾಗ ಕೂಡ್ತದ ಅಂತ ಅದ. ಈ ಬದಲಾವಣಿ ಖರೆ ಎಲ್ಲಿ ಆಗ್ತದ, ಯಾರು ಮಾಡ್ತಾರ? ನಮ್ಮ ಕಡಿ ಕೆರಿ, ಡ್ಯಾಮಿನಾಗೂ ಆಗ್ತದೇನು? ಕೈಯಾಗಿರೋ ದುಡ್ಡು ಕಡಿಮಿ ಅದ, ಎಲ್ಲಾ ಟೆಸ್ಟ್ ಮಾಡಿಸ್ಲಿಕ್ಕೆ ಆಗಂಗಿಲ್ಲ. ಯಾವುದು ಮೊದಲು ಮಾಡಿಸಬೇಕು?

ಫರಸಿಕಲ್ಲು (ಶಹಾಬಾದ್)

ಹಾಗೆ ಬರೆಯಬೇಡಿ. ಮೊದಲು ಆ ಸಂಖ್ಯೆಯನ್ನೇ ನೋಡಿ. 0.001 ಮಿಲಿಗ್ರಾಂ ಅಂದರೆ 1000 ನ್ಯಾನೋಗ್ರಾಂ. ನೇರವಾಗಿ ಕಾರ್ಖಾನೆ ನೀರು ಬೀಳದ ಕೆರೆ, ನದಿಗಳಲ್ಲಿ ಒಟ್ಟು ಪಾದರಸ ಸಾಮಾನ್ಯವಾಗಿ ಲೀಟರಿಗೆ ಕೆಲವೇ ನ್ಯಾನೋಗ್ರಾಂ. ಅದರೊಳಗೆ ಮೀಥೈಲ್ ಪಾದರಸ ಒಂದು ನ್ಯಾನೋಗ್ರಾಮಿಗಿಂತಲೂ ಕಡಿಮೆ. ತೊಗರಿ ಚೀಲ ತೂಗುವ ಕಾಟಾದ ಮೇಲೆ ಗುಲಗಂಜಿ ಇಟ್ಟು ‘ತೂಕವೇ ಇಲ್ಲ’ ಅಂದ ಹಾಗಾಯಿತು ನಿಮ್ಮ ರಿಪೋರ್ಟ್. ನೀರು ಕುಡಿಯಲು ಯೋಗ್ಯವೇ ಅನ್ನುವುದಕ್ಕೆ ಅದು ಸಾಕು. ಮೀನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಒಂದು ಲೆಕ್ಕ ಹಾಕಿ. ನೀರಿನಲ್ಲಿ ಮೀಥೈಲ್ ಪಾದರಸ ಲೀಟರಿಗೆ 0.1 ನ್ಯಾನೋಗ್ರಾಂ ಇದೆ ಅಂದುಕೊಳ್ಳಿ. ಮೀನು ತಿನ್ನುವ ಮೀನುಗಳಲ್ಲಿ ನೀರಿಗಿಂತ ಹತ್ತು ಲಕ್ಷದಿಂದ ಒಂದು ಕೋಟಿ ಪಟ್ಟು ಹೆಚ್ಚು ಸೇರುತ್ತದೆ. 30 ಲಕ್ಷ ಪಟ್ಟು ಅಂತ ಹಿಡಿದರೂ ಕಿಲೋ ಮೀನಿಗೆ 0.3 ಮಿ.ಗ್ರಾಂ ಆಯಿತು. ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಆಹಾರದಲ್ಲಿ ಮೀಥೈಲ್ ಪಾದರಸಕ್ಕೆ ಇಟ್ಟ ಮಿತಿ ಕಿಲೋಗೆ 0.25 ಮಿ.ಗ್ರಾಂ. ಅಂದರೆ ನಿಮ್ಮ ಲ್ಯಾಬಿನ ಪತ್ತೆ ಮಿತಿಗಿಂತ ಹತ್ತು ಸಾವಿರ ಪಟ್ಟು ಕೆಳಗಿರುವ ನೀರಿನಿಂದಲೂ ಮಿತಿ ಮೀರಿದ ಮೀನು ಬರಬಹುದು. ಈ ಏರಿಕೆಯಲ್ಲಿ ಅತಿ ದೊಡ್ಡ ಮೆಟ್ಟಿಲು ಮೊದಲನೆಯದೇ: ನೀರಿನಿಂದ ಪಾಚಿಗೆ ಒಂದೇ ಏಟಿಗೆ ಲಕ್ಷ ಪಟ್ಟು. ಆಮೇಲಿನ ಮೆಟ್ಟಿಲುಗಳೆಲ್ಲ ಕೆಲವು ಪಟ್ಟು ಅಷ್ಟೇ.

ಈಗ ‘ಯಾರು, ಎಲ್ಲಿ’. ಕೆರೆಯ ಹೂಳಿನಲ್ಲಿ ಜೀವಿಗಳೇ ಪಾದರಸಕ್ಕೆ ಮೀಥೈಲ್ ಸೇರಿಸುತ್ತವೆ ಅಂತ 1969ರಲ್ಲಿ ಸ್ವೀಡನ್ನಿನ ಜೆನ್ಸನ್ ಮತ್ತು ಯರ್ನೆಲೋವ್ ತೋರಿಸಿದರು. ಆ ಜೀವಿಗಳಲ್ಲಿ ಮುಖ್ಯವಾದವು ಸಲ್ಫೇಟ್ ಉಸಿರಾಡುವ (ಆಮ್ಲಜನಕದ ಬದಲು ಸಲ್ಫೇಟ್ ಬಳಸುವ) ಬ್ಯಾಕ್ಟೀರಿಯಾ ಅಂತ 1985ರಲ್ಲಿ ಗೊತ್ತಾಯಿತು. ಕಬ್ಬಿಣ ಉಸಿರಾಡುವ ಜಿಯೋಬ್ಯಾಕ್ಟರ್ ಬಗೆಯವು, ಮೀಥೇನ್ ಮಾಡುವ ಕೆಲವು ಜೀವಿಗಳು ಕೂಡ ಈ ಗುಂಪಿಗೆ ಸೇರಿವೆ. 2013ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಇದಕ್ಕೆ ಬೇಕಾದ ಜೀನ್ ಜೋಡಿ ಹುಡುಕಿದರು: ಎಚ್‌ಜಿಸಿಎ, ಎಚ್‌ಜಿಸಿಬಿ. ಮೊದಲನೆಯದು ಬಿ-12 ವಿಟಮಿನ್ನಿನ ಬಳಗದ ಕೊರಿನಾಯ್ಡ್ ಹೊತ್ತ ಪ್ರೋಟೀನ್, ಮೀಥೈಲ್ ಗುಂಪನ್ನು ಪಾದರಸದ ಅಯಾನಿಗೆ ದಾಟಿಸುವುದು ಅದೇ. ಎರಡನೆಯದು ಅದಕ್ಕೆ ಎಲೆಕ್ಟ್ರಾನ್ ಒದಗಿಸುತ್ತದೆ. ಎರಡರಲ್ಲಿ ಒಂದನ್ನು ತೆಗೆದರೂ ಬ್ಯಾಕ್ಟೀರಿಯಾ ಬದುಕುತ್ತದೆ, ಮೀಥೈಲ್ ಪಾದರಸ ಮಾತ್ರ ಆಗುವುದಿಲ್ಲ.

ಈ ಜೀವಿಗಳಿಗೆ ಆಮ್ಲಜನಕ ಆಗದು. ಹಾಗಾಗಿ ಕೆಲಸ ನಡೆಯುವ ಜಾಗ ಆಮ್ಲಜನಕ ಮುಗಿಯುವ ಗಡಿ. ಆಳವಿಲ್ಲದ ಕೆರೆಯಲ್ಲಿ ಅದು ಹೂಳಿನ ಮೇಲಿನ ಕೆಲವೇ ಸೆಂಟಿಮೀಟರ್. ಬೇಸಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು ಅಂತ ನೀರು ಪದರಗಟ್ಟಿದರೆ ತಳದ ನೀರಿನಲ್ಲೇ ಆಗಬಹುದು. ಕೊಳೆಯುವ ಸೊಪ್ಪು, ಚರಂಡಿ ನೀರು, ಸತ್ತ ಪಾಚಿ ಇದಕ್ಕೆ ಮೇವು.

ಸಲ್ಫೇಟ್ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಸಲ್ಫೇಟ್ ಹೆಚ್ಚಿದಷ್ಟೂ ಮೀಥೈಲ್ ಪಾದರಸ ಹೆಚ್ಚಬೇಕಲ್ಲ ಅಂತ ಅನ್ನಿಸುತ್ತದೆ. ಲೀಟರಿಗೆ ಕೆಲವು ಮಿ.ಗ್ರಾಂ.ನಿಂದ ಕೆಲವು ಹತ್ತು ಮಿ.ಗ್ರಾಂ.ವರೆಗೆ ಅದು ಸರಿ. ಅದಕ್ಕೂ ಮೇಲೆ ಹೋದರೆ ಬ್ಯಾಕ್ಟೀರಿಯಾ ಬಿಡುವ ಸಲ್ಫೈಡ್ ಎಷ್ಟು ಆಗುತ್ತದೆಂದರೆ ಅದು ಪಾದರಸವನ್ನು ಜೀವಕೋಶದೊಳಗೆ ಹೋಗಲಾರದ ರೂಪಕ್ಕೆ ಕಟ್ಟಿಹಾಕುತ್ತದೆ. ಕೆಸರು ಕದಡಿದಾಗ ಕೊಳೆತ ಮೊಟ್ಟೆಯ ವಾಸನೆ ಗಪ್ಪಂತ ಹೊಡೆಯುವ ಜಾಗದಲ್ಲಿ ಮೀಥೈಲ್ ಪಾದರಸ ನಿಮ್ಮ ನಿರೀಕ್ಷೆಗಿಂತ ಕಡಿಮೆ ಬಂದರೆ ಲ್ಯಾಬಿನವರನ್ನು ಬಯ್ಯಬೇಡಿ.

ಎದುರು ದಿಕ್ಕಿನ ಕೆಲಸವೂ ನಡೆಯುತ್ತಲೇ ಇರುತ್ತದೆ. ಬಿಸಿಲು ಮೇಲಿನ ನೀರಿನಲ್ಲಿ ಮೀಥೈಲ್ ಪಾದರಸವನ್ನು ಒಡೆಯುತ್ತದೆ. ಮೆರ್‌ಬಿ ಎಂಬ ಕಿಣ್ವ ಇರುವ ಬ್ಯಾಕ್ಟೀರಿಯಾ ಕಾರ್ಬನ್–ಪಾದರಸದ ಕೊಂಡಿ ಕತ್ತರಿಸುತ್ತವೆ. ನಿಮಗೆ ಸಿಗುವ ಅಂಕಿ ಆದದ್ದರಲ್ಲಿ ಒಡೆದದ್ದನ್ನು ಕಳೆದು ಉಳಿದದ್ದು. ಹಾಗಾಗಿ ಹೂಳಿನಲ್ಲಿ ಒಟ್ಟು ಪಾದರಸದ ಶೇಕಡಾ ಎಷ್ಟು ಮೀಥೈಲ್ ರೂಪದಲ್ಲಿದೆ ಅಂತ ನೋಡಿ. ಸಾಮಾನ್ಯವಾಗಿ ಶೇ. 1ರ ಆಸುಪಾಸು ಅಥವಾ ಕಡಿಮೆ. ಅದಕ್ಕಿಂತ ಎದ್ದು ಕಂಡರೆ ಆ ಜಾಗ ಮೀಥೈಲ್ ಮಾಡುವುದರಲ್ಲಿ ಚುರುಕು ಅಂತ ಅರ್ಥ.

ಕಾರಂಜಾ_ಹಿನ್ನೀರು (ಬೀದರ್)

ಫರಸಿಕಲ್ಲು ಅವರು ಹೇಳಿದ್ದು ಬರೋಬ್ಬರಿ ಅದ. ಡ್ಯಾಮಿನ ಮಾತು ನಾ ಸೇರಿಸ್ತೀನಿ.

ಕಾರಂಜಾ, ಬೆಣ್ಣೆತೊರಾ, ಅಮರ್ಜಾದಂಥ ಜಲಾಶಯದಾಗ ನೀರಿನ ಮಟ್ಟ ವರ್ಷಾ ಏರಿ ಇಳೀತದ. ಬ್ಯಾಸಿಗಿಗಿ ಹಿನ್ನೀರು ಸರದ ಮ್ಯಾಲ ಕೆಸರು ಬಿರೀತದ, ಗಾಳಿ ಒಳಗ ಹೋಗ್ತದ. ಕಟ್ಟಿಹಾಕಿಕೊಂಡಿದ್ದ ಸಲ್ಫೈಡ್ ಗಾಳಿ ತಾಗಿ ತಿರುಗಿ ಸಲ್ಫೇಟ್ ಆಗ್ತದ. ಆ ಜಾಗದಾಗ ಹುಲ್ಲು ಬೆಳೀತದ. ಮಳಿಗಾಲದಾಗ ಅದರ ಮ್ಯಾಲ ನೀರು ನಿಂತ್ರ ಬ್ಯಾಕ್ಟೀರಿಯಾಕ್ಕ ಹೊಸ ಸಲ್ಫೇಟ್, ಹೊಸ ಮೇವು ಎರಡೂ ಒಮ್ಮಿಗೇ ಸಿಗ್ತಾವ, ಕಟ್ಟು ಬಿಟ್ಟ ಪಾದರಸನೂ ಸಿಗ್ತದ. ಮೀಥೈಲ್ ಆಗೋದು ಜೋರು ಆಗೋದು ಆವಾಗ. ಅದಕ್ಕೇ ಏಪ್ರಿಲ್‌ನಾಗ ಒಮ್ಮಿ ಸ್ಯಾಂಪಲ್ ತಗೊಂಡು ಸುಮ್ನ ಕೂಡಬ್ಯಾಡ್ರಿ. ಮಳಿ ಬಂದು ಹಿನ್ನೀರು ತುಂಬಿ ಮೂರ್ನಾಲ್ಕು ವಾರ ಆದ ಮ್ಯಾಲ ಇನ್ನೊಮ್ಮಿ ತಗೋರಿ. ಜಾಗಾನೂ ಅಷ್ಟೇ: ಕಟ್ಟಿ ಹತ್ತಿರದ ಆಳ ನೀರಿಗಿಂತ ಹಳ್ಳ ಬಂದು ಕೂಡೋ ತುದಿ, ಅಂದ್ರ ಒಣಗಿ ತೊಯ್ಯೋ ಪಟ್ಟಿ, ಮುಖ್ಯ.

ಹೊಸ ಡ್ಯಾಮಿನ್ಯಾಗ ಇದು ಇನ್ನೂ ಭಾಳ. ಕೆನಡಾದ ಒಂಟಾರಿಯೋದಾಗ ಪ್ರಯೋಗಕ್ಕಂತಲೇ ಇಟ್ಟ ಕೆರಿಗಳವ. ಅಲ್ಲಿ ಜೌಗು ನೆಲಾ ಬೇಕಂತಲೇ ಮುಳುಗಿಸಿ ನೋಡಿದ್ರು, ಮೀಥೈಲ್ ಪಾದರಸ ಹತ್ತಾರು ಪಟ್ಟು ಏರಿತು. ಹೊರಗಿಂದ ಪಾದರಸ ಯಾರೂ ಹಾಕಿರಲಿಲ್ಲ, ಮಣ್ಣಿನಾಗ ಇದ್ದದ್ದೇ. ಆ ಕಡಿ ದೊಡ್ಡ ಜಲಾಶಯದ ಮೀನಿನಾಗ ಏರಿದ ಮಟ್ಟ ಇಳೀಲಿಕ್ಕೆ 20–30 ವರ್ಷ ಹಿಡಿದದ್ದದ. ಆದ್ರ ಆ ಅಂಕಿ ಎತ್ತಿ ಇಲ್ಲಿ ಅಂಟಿಸಬ್ಯಾಡ್ರಿ. ಅಲ್ಲಿ ನೀರು ಹುಳಿ, ಕಂದು ಬಣ್ಣ, ಥಂಡಿ. ನಮ್ಮ ಕಡಿ ಸೇಡಂ, ಚಿತ್ತಾಪುರ ಅಂದ್ರ ಸುಣ್ಣಕಲ್ಲಿನ ನೆಲ, ನೀರು ಗಡಸು, ಪಿಎಚ್ 7ರ ಮ್ಯಾಲ. ಹುಳಿ ನೀರಿನ ಕೆರಿ ಮೀನಿನಾಗ ಪಾದರಸ ಹೆಚ್ಚು ಇರ್ತದ ಅಂಬೋದು ಎಲ್ಲಾ ಕಡಿ ಕಂಡದ್ದು. ಆ ಲೆಕ್ಕಕ್ಕ ನಮ್ಮ ಸುಣ್ಣದ ನೀರು ನಮಗ ಅನುಕೂಲ. ಚರಂಡಿ ನೀರು ಕೂಡೋ ಊರ ಕೆರಿಯಾಗ ಮಾತ್ರ ಆ ಅನುಕೂಲ ಎಷ್ಟು ಉಳೀತದ ಅಂತ ಅಳದೇ ನೋಡಬೇಕು.

ಇನ್ನೊಂದು. ರಿಪೋರ್ಟ್ ಬರೆಯೋವಾಗ ‘ಜಪಾನಿನ ಮಿನಮಾಟಾದಾಗ ಸಮುದ್ರದ ಬ್ಯಾಕ್ಟೀರಿಯಾ ಮಾಡಿದ ವಿಷ’ ಅಂತ ಬರಿಯೋರು ಭಾಳ ಮಂದಿ. ತಪ್ಪದು. ಅಲ್ಲಿನ ಚಿಸ್ಸೋ ಕಾರ್ಖಾನಿಯಾಗ 1932ರಿಂದ 1968ರ ತನಕ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕ ಮಾಡ್ಲಿಕ್ಕೆ ಪಾದರಸದ ಸಲ್ಫೇಟ್ ವೇಗವರ್ಧಕ ಬಳಸಿದ್ರು. ಮೀಥೈಲ್ ಪಾದರಸ ಆ ಪಾತ್ರಿಯೊಳಗೇ ಆಗಿ, ಸೀದಾ ಕೊಲ್ಲಿಗೆ ಹೋಯ್ತು. ಆ ಕೊಲ್ಲಿ ಮೀನು ತಿಂದವರ ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಾಗ. 1971–72ರ ಇರಾಕಿನದು ಇನ್ನೊಂದು ಬಗಿ: ಬಿತ್ತನೆ ಗೋದಿಗಿ ಹಚ್ಚಿದ ಮೀಥೈಲ್ ಪಾದರಸದ ಔಷಧ, ಮಂದಿ ಅದೇ ಗೋದಿ ರೊಟ್ಟಿ ಮಾಡಿ ತಿಂದ್ರು. ನೀವು ಕೇಳೋದು ಈ ಎರಡೂ ಅಲ್ಲ, ಕೆಸರಿನಾಗ ತಾನೇ ಆಗೋದು.

ಫರಸಿಕಲ್ಲು (ಶಹಾಬಾದ್)

ಸ್ಯಾಂಪಲ್ ವಿಚಾರಕ್ಕೆ ಬರುತ್ತೇನೆ, ದುಡ್ಡು ಹಾಳಾಗುವುದು ಅಲ್ಲೇ.

ಬಜೆಟ್ ಕಡಿಮೆ ಇದ್ದರೆ ಮೊದಲು ಮೀನು, ಆಮೇಲೆ ಹೂಳು, ನೀರು ಕೊನೆಗೆ. ದೊಡ್ಡ ಮೀನಿನ ಮಾಂಸದಲ್ಲಿರುವ ಪಾದರಸದ ಶೇ. 90ಕ್ಕೂ ಹೆಚ್ಚು ಮೀಥೈಲ್ ರೂಪವೇ. ಹಾಗಾಗಿ ದುಬಾರಿ ಮೀಥೈಲ್ ಟೆಸ್ಟ್ ಬೇಡ, ಒಟ್ಟು ಪಾದರಸ ಸಾಕು. ಅದಕ್ಕೆ ‘ಡೈರೆಕ್ಟ್ ಮರ್ಕ್ಯುರಿ ಅನಲೈಸರ್’ ಇರುವ ಲ್ಯಾಬ್ ಹುಡುಕಿ. ಮಾದರಿಯನ್ನು ಸುಟ್ಟು, ಆವಿಯನ್ನು ಚಿನ್ನದ ಮೇಲೆ ಹಿಡಿದು, ಬಿಸಿ ಮಾಡಿ ಬಿಟ್ಟು ಅಳೆಯುತ್ತದೆ. ಆಮ್ಲದಲ್ಲಿ ಕರಗಿಸುವ ಗೋಜಿಲ್ಲ, ನೂರು ಮಿ.ಗ್ರಾಂ ಮಾಂಸ ಸಾಕು.

ಎರಡು ಜಾತಿ ಆರಿಸಿ. ಒಂದು ಮೀನು ತಿನ್ನುವುದು: ಕೊರಮೀನು ಅಥವಾ ಬಾಳೆ ಮೀನು. ಇನ್ನೊಂದು ಕೆಳಮೆಟ್ಟಿಲಿನದು: ರೋಹು ಅಥವಾ ಕಾಟ್ಲಾ. ಜಾತಿಗೆ 10–12 ಮೀನು, ಸಣ್ಣದು ದೊಡ್ಡದು ಬೆರೆತಿರಲಿ. ಪ್ರತಿಯೊಂದರ ಉದ್ದ, ತೂಕ ಬರೆದಿಡಿ, ಯಾಕಂದರೆ ವಯಸ್ಸಾದಂತೆ ಪಾದರಸ ಏರುತ್ತದೆ. ಉದ್ದ ಬರೆಯದ ಮೀನಿನ ಅಂಕಿಯನ್ನು ಬೇರೆ ಕೆರೆಯದರ ಜೊತೆ ಹೋಲಿಸಲು ಬರುವುದಿಲ್ಲ. ಬೆನ್ನಿನ ಭಾಗದ ಮಾಂಸ, ಚರ್ಮ ತೆಗೆದು, ಸ್ಟೀಲ್ ಚಾಕುವಿನಿಂದ 10 ಗ್ರಾಂ ಕತ್ತರಿಸಿ ಫ್ರೀಜರಿಗೆ ಹಾಕಿ. ರಿಪೋರ್ಟ್ ಬಂದಾಗ ಮೊದಲು ನೋಡಬೇಕಾದ್ದು ಅಂಕಿ ಹಸಿ ತೂಕಕ್ಕೋ ಒಣ ತೂಕಕ್ಕೋ ಅಂತ. ಮೀನಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಒಣ ತೂಕದ 1.0 ಅನ್ನುವುದು ಹಸಿ ತೂಕದಲ್ಲಿ 0.2ರ ಸುತ್ತಮುತ್ತ. ಕಾನೂನಿನ ಮಿತಿ ಹಸಿ ತೂಕಕ್ಕೆ. ಈ ಗಡಿಬಿಡಿಯಲ್ಲೇ ‘ಮಿತಿ ಮೀರಿದ ಮೀನು’ ಅಂತ ಸುದ್ದಿ ಆಗಿಬಿಡುತ್ತದೆ.

ಹೂಳಿಗೆ ಗ್ರ್ಯಾಬ್ (ಕೆಸರು ಕಚ್ಚಿ ಎತ್ತುವ ಬಕೆಟ್) ಬಳಸಿದರೆ ಮೇಲಿನ ಸಡಿಲ ಪದರ ತೊಳೆದುಹೋಗುತ್ತದೆ, ನಿಮಗೆ ಬೇಕಾದದ್ದು ಅದೇ. 5–7 ಸೆಂ.ಮೀ. ಅಗಲದ ಪಾರದರ್ಶಕ ಅಕ್ರಿಲಿಕ್ ಕೊಳವೆ ನೆಟ್ಟಗೆ ಒತ್ತಿ, ಮೇಲ್ಗಡೆ ಬಿರಡೆ ಹಾಕಿ ಎತ್ತಿ. ಮೇಲಿನ 0–2 ಸೆಂ.ಮೀ., 2–5 ಸೆಂ.ಮೀ. ಬೇರೆ ಬೇರೆ ಕತ್ತರಿಸಿ. ಡಬ್ಬಿಯಲ್ಲಿ ಗಾಳಿ ಉಳಿಯದ ಹಾಗೆ ತುಂಬಿ, ಅಲ್ಲೇ ಡ್ರೈ ಐಸಿನಲ್ಲಿಡಿ. ಬಸ್ಸಿನಲ್ಲಿ ನಾಲ್ಕು ತಾಸು ಬೆಚ್ಚಗೆ ತಂದರೆ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಕೆಲಸ ಮುಂದುವರಿಸುತ್ತವೆ, ಬರುವ ಅಂಕಿ ಕೆರೆಯದ್ದಲ್ಲ, ಡಬ್ಬಿಯದು. 105 ಡಿಗ್ರಿ ಓವನ್ನಿನಲ್ಲಿ ಒಣಗಿಸಬೇಡಿ, ಪಾದರಸ ಆವಿಯಾಗಿ ಹೋಗುತ್ತದೆ. ತೇವಾಂಶಕ್ಕೆ ಬೇರೆ ತುಂಡು ಇಟ್ಟುಕೊಳ್ಳಿ, ಪಾದರಸದ ತುಂಡನ್ನು ಫ್ರೀಜ್ ಡ್ರೈ (ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವುದು) ಮಾಡಿಸಿ. ಪಾದರಸ ತುಂಬ ಇರುವ ಹೂಳಿನಲ್ಲಿ ಇನ್ನೊಂದು ಮೋಸ: ಬಟ್ಟಿ ಇಳಿಸಿ ಬೇರ್ಪಡಿಸುವಾಗ ಸಾದಾ ಪಾದರಸದ ಅತಿ ಸಣ್ಣ ಭಾಗ ಅಲ್ಲೇ ಮೀಥೈಲ್ ಆಗುತ್ತದೆ. ಒಟ್ಟು ಪಾದರಸದ ಶೇ. 0.03ರಷ್ಟು ಹೀಗೆ ಮೀಥೈಲ್ ಆಗಿ ಸೇರಿದರೂ, ಅಸಲಿಗೆ ಶೇ. 0.1 ಇರುವ ಮಾದರಿಯಲ್ಲಿ ಅದು ದೊಡ್ಡ ತಪ್ಪು. ಐಸೊಟೋಪ್ ಬೆರೆಸಿ ಅಳೆಯುವ ಲ್ಯಾಬ್ ಸಿಕ್ಕರೆ ಈ ತಲೆನೋವಿಲ್ಲ.

ನೀರು ಮಾಡಿಸಲೇಬೇಕು ಅಂದರೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 1631 (ಒಟ್ಟು), 1630 (ಮೀಥೈಲ್) ವಿಧಾನದ ಲ್ಯಾಬ್ ಬೇಕು. ಮೀಥೈಲಿನ ಪತ್ತೆ ಮಿತಿ ಲೀಟರಿಗೆ 0.02 ನ್ಯಾನೋಗ್ರಾಂ. ಟೆಫ್ಲಾನ್ ಅಥವಾ ಆಮ್ಲದಲ್ಲಿ ತೊಳೆದ ಗಾಜಿನ ಬಾಟಲಿ. ಬಿಸ್ಲೇರಿ ಬಾಟಲಿ, ಸಾದಾ ಪ್ಲಾಸ್ಟಿಕ್ ಕ್ಯಾನ್ ಬೇಡವೇ ಬೇಡ: ಪಾದರಸ ಗೋಡೆಗೆ ಅಂಟುತ್ತದೆ, ಲ್ಯಾಬಿನ ಗಾಳಿಯ ಆವಿ ಪ್ಲಾಸ್ಟಿಕ್ ದಾಟಿ ಒಳಗೂ ಬರುತ್ತದೆ. ಇಬ್ಬರು ಬೇಕು. ಒಬ್ಬರು ಬಾಟಲಿ ಮಾತ್ರ ಮುಟ್ಟಬೇಕು. ದೋಣಿ, ಹಗ್ಗ, ಹೊರಚೀಲ ಇನ್ನೊಬ್ಬರದು. ಸಿಹಿನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಶೇ. 0.4 ಹಾಕಿ ಕತ್ತಲಲ್ಲಿ, ತಂಪಲ್ಲಿ ಇಡಿ. ದೋಣಿಗೆ ಪಾದರಸದ ಥರ್ಮಾಮೀಟರ್ ಒಯ್ಯಬೇಡಿ. ಹಲ್ಲಿಗೆ ಬೆಳ್ಳಿ ಬಣ್ಣದ ಅಮಾಲ್ಗಮ್ ತುಂಬಿಸಿಕೊಂಡವರು ಬಾಟಲಿಯ ಮೇಲೆ ಉಸಿರು ಬಿಡಬಾರದು. ತಮಾಷೆ ಅನ್ನಿಸಬಹುದು, ಆದರೆ ಈ ಮಟ್ಟದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಲ್ಯಾಬಿನಲ್ಲಿ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ಬೇಕಾದ, ಪ್ರಮಾಣ ಗೊತ್ತಿರುವ ದ್ರಾವಣ) ತರಿಸುವಾಗ ಲೇಬಲ್ ಎರಡು ಸಲ ಓದಿ. ಬೇಕಾದದ್ದು ಮೀಥೈಲ್ ಪಾದರಸ ಕ್ಲೋರೈಡಿನ ತೆಳು ದ್ರಾವಣ. ಎರಡು ಮೀಥೈಲ್ ಗುಂಪು ಇರುವ ಡೈಮೀಥೈಲ್ ಪಾದರಸ ಬೇರೆಯೇ ಭೂತ. 1996ರಲ್ಲಿ ಡಾರ್ಟ್ಮತ್ ಕಾಲೇಜಿನ ಕ್ಯಾರನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಅದರ ಕೆಲವೇ ಹನಿ ಬಿದ್ದವು. ಗ್ಲೌಸ್ ದಾಟಿ ಒಳಗಿಳಿಯಿತು. 1997ರ ಜೂನಿನಲ್ಲಿ ಅವರು ತೀರಿಕೊಂಡರು.

ಎಡದಂಡಿ_ಭತ್ತ (ಶಹಾಪುರ, ಯಾದಗಿರಿ)

ನಾರಾಯಣಪುರ ಎಡದಂಡಿ ಕಾಲುವಿ ಕಡಿ ಗದ್ದಿಯಾಗ ತಿಂಗಳಾನುಗಟ್ಲೆ ನೀರು ನಿಲ್ತದ. ಅಮೋನಿಯಂ ಸಲ್ಫೇಟ್, ಸವಳು ನೆಲಕ್ಕ ಜಿಪ್ಸಂ ಎಲ್ಲಾ ಹಾಕ್ತಾರ. ಕೆಸರು, ಸಲ್ಫೇಟ್, ಮೇವು ಮೂರೂ ಆಯ್ತಲ್ರಿ. ಅಕ್ಕಿಯಾಗೂ ಬರ್ತದೇನು?

ಕಾರಂಜಾ_ಹಿನ್ನೀರು (ಬೀದರ್)

ಬರ್ತದ್ರಿ, ಪ್ರಶ್ನಿ ಚಲೋ ಅದ. ಚೀನಾದ ಗುಯಿಜೌ ಪ್ರಾಂತ್ಯದ ವಾನ್‌ಶಾನ್‌ನಾಗ ಹಳೀ ಪಾದರಸದ ಗಣಿ ಅವ. ಅಲ್ಲಿ ಮಂದಿ ಮೀನು ಕಡಿಮಿ ತಿಂತಾರ, ಮೈಯಾಗಿನ ಮೀಥೈಲ್ ಪಾದರಸ ಹೆಚ್ಚಾಗಿ ಬಂದದ್ದು ಅನ್ನದಿಂದ. ಭತ್ತದ ಬೇರು ಅದನ್ನ ಹೀರಿ ಕಾಳಿಗಿ ಮುಟ್ಟಸ್ತದ. ಆದ್ರ ಅದು ಗಣಿ ಊರು. ಗಣಿ ಇಲ್ಲದ ಕಡಿ ಅಕ್ಕಿಯಾಗ ಕಿಲೋಕ್ಕ ಕೆಲವೇ ಮೈಕ್ರೋಗ್ರಾಂ. 3 ಅಂತ ಹಿಡೀರಿ. ದಿನಾ 400 ಗ್ರಾಂ ಅಕ್ಕಿ ಉಂಡ್ರ ವಾರಕ್ಕ 8.4 ಮೈಕ್ರೋಗ್ರಾಂ. ಎಫ್‌ಎಒ–ಡಬ್ಲ್ಯುಎಚ್‌ಒ ತಜ್ಞರ ಸಮಿತಿ 2003ರಾಗ ಇಟ್ಟ ವಾರದ ಮಿತಿ ಮೈ ತೂಕದ ಕಿಲೋಕ್ಕ 1.6 ಮೈಕ್ರೋಗ್ರಾಂ. 60 ಕಿಲೋ ಆಳಿಗೆ 96. ಅಂದ್ರ ಹತ್ತನೇ ಪಾಲೂ ಆಗಂಗಿಲ್ಲ. ಹಿಂಗಾರಿ ಕರಿ ನೆಲದ ಜೋಳಕ್ಕ ಅದೂ ಇಲ್ಲ, ಅಲ್ಲಿ ನೀರೇ ನಿಲ್ಲಂಗಿಲ್ಲ. ರೊಟ್ಟಿ ಉಣ್ಣೋರು ಆರಾಮ ಇರ್ರಿ.

ನೀರು ಆಗಾಗ ಬಿಟ್ಟು ಗದ್ದಿ ಒಣಗಿಸಿದ್ರ ಏನು ಅಂತ ಕೇಳ್ತೀರಿ ಮುಂದ. ಗಾಳಿ ಆಡಿದ್ರ ಮೀಥೈಲ್ ಆಗೋದು ಕಡಿಮಿ ಆಗ್ತದ, ಆರ್ಸೆನಿಕ್ಕೂ ಇಳೀತದ. ಆದ್ರ ಕ್ಯಾಡ್ಮಿಯಂ ಏರ್ತದ.

ಕೆರಿದಂಡಿ (ಕಲಬುರಗಿ)

ಭಾಳ ಉಪಕಾರ ಆಯ್ತ್ರಿ. ಇನ್ನೆರಡು ಸಂಶಯ. ನಮ್ಮ ಕಡಿ ಗಣಿ ಇಲ್ಲ, ಥರ್ಮಾಮೀಟರ್ ಫ್ಯಾಕ್ಟರಿ ಇಲ್ಲ. ಮೊದಲಿನ ಪಾದರಸ ಎಲ್ಲಿಂದ ಬರಬೇಕು? ಮತ್ತ ಮೀನು ಚಂದಂಗ ಹುರದು ತಿಂದ್ರ ಹೋಗ್ತದ ಅಂತಾರಲ್ಲ?

ಫರಸಿಕಲ್ಲು (ಶಹಾಬಾದ್)

ಗಾಳಿಯಿಂದ ಬರುತ್ತದೆ. ಕಲ್ಲಿದ್ದಲು ಸುಡುವ ಕಡೆ, ಸಿಮೆಂಟ್ ಕಿಲ್ನ್ (ಸುಡುವ ಕುಲುಮೆ) ಇರುವ ಕಡೆ ಇಂಧನ ಮತ್ತು ಸುಣ್ಣಕಲ್ಲಿನಲ್ಲಿದ್ದ ಚೂರುಪಾರು ಪಾದರಸ ಆವಿಯಾಗಿ ಹೊರಬೀಳುತ್ತದೆ. ಅದರಲ್ಲಿ ಆಕ್ಸಿಡೀಕರಣಗೊಂಡ ಭಾಗ ಕೆಲವು ದಿನಗಳಲ್ಲೇ ಮಳೆಯೊಂದಿಗೆ ಹತ್ತಿರದಲ್ಲಿ ಬೀಳುತ್ತದೆ. ಲೋಹರೂಪದ ಆವಿ ಆರು ತಿಂಗಳಿಂದ ವರ್ಷದವರೆಗೆ ಗಾಳಿಯಲ್ಲಿ ತಿರುಗುತ್ತದೆ, ಯಾವ ದೇಶದ್ದು ಎಲ್ಲಿ ಬೀಳುತ್ತದೋ ಹೇಳಲಾಗದು. ಸಿಮೆಂಟ್ ಘಟಕದಲ್ಲಿ ರಾ ಮಿಲ್ (ಕಚ್ಚಾ ಕಲ್ಲು ಪುಡಿ ಮಾಡುವ ಯಂತ್ರ) ನಡೆಯುವಾಗ ತಣ್ಣಗಿನ ಪುಡಿ ಪಾದರಸವನ್ನು ಹಿಡಿದು ಮತ್ತೆ ಕಿಲ್ನಿಗೆ ಕಳಿಸುತ್ತದೆ, ಹೀಗೆ ಒಳಗೇ ಸುತ್ತುತ್ತಾ ಕೂಡುತ್ತದೆ. ಮಿಲ್ ನಿಲ್ಲಿಸಿದಾಗ ಚಿಮಣಿಯಲ್ಲಿ ಏರುತ್ತದೆ. ಅದಕ್ಕೇ ಮಿಲ್ ನಡೆಯುವಾಗ ಮಾತ್ರ ತೆಗೆದ ಚಿಮಣಿ ರೀಡಿಂಗನ್ನು ವರ್ಷದ ಸರಾಸರಿ ಅಂತ ಒಪ್ಪಬಾರದು. ಹೊಸದಾಗಿ ಬಿದ್ದ ಪಾದರಸ, ಹೂಳಿನಲ್ಲಿ ಹಳೆಯದಾಗಿ ಗಟ್ಟಿಯಾದದ್ದಕ್ಕಿಂತ ಬೇಗ ಮೀಥೈಲ್ ಆಗುತ್ತದೆ.

ಹುರಿದರೆ ಹೋಗುವುದಿಲ್ಲ. ಕೊಬ್ಬಿನಲ್ಲಿದ್ದಿದ್ದರೆ ಕೊಬ್ಬು ತೆಗೆಯಬಹುದಿತ್ತು. ಇದು ಮಾಂಸದ ಪ್ರೋಟೀನಿನಲ್ಲಿರುವ ಸಿಸ್ಟೀನಿನ ಗಂಧಕಕ್ಕೆ ಅಂಟಿರುತ್ತದೆ. ಹುರಿದಾಗ ನೀರು ಮಾತ್ರ ಹೋಗಿ, ಗ್ರಾಂ ಲೆಕ್ಕದಲ್ಲಿ ಪಾದರಸ ಇನ್ನಷ್ಟು ಹೆಚ್ಚು ಕಾಣುತ್ತದೆ. ಥರ್ಮಾಮೀಟರಿನ ಪಾದರಸದ ಗುಂಡು ನುಂಗಿದರೆ ಕರುಳು ಹೀರುವುದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಮೀಥೈಲ್ ಪಾದರಸವಾದರೆ ಶೇ. 95ರಷ್ಟು. ಸಿಸ್ಟೀನ್ ಜೊತೆ ಸೇರಿದ ಮೀಥೈಲ್ ಪಾದರಸ ನೋಡಲು ಮೆಥಿಯೊನಿನ್ ಎಂಬ ಅಮೈನೋ ಆಮ್ಲದ ಹಾಗಿರುತ್ತದೆ. ದೇಹ ಮೋಸಹೋಗಿ ಮಿದುಳಿಗೂ ಗರ್ಭದ ಕೂಸಿಗೂ ಬಾಗಿಲು ತೆರೆಯುತ್ತದೆ. ರಕ್ತದಲ್ಲಿ ಅರ್ಧ ಇಳಿಯಲು 50 ದಿನದ ಆಸುಪಾಸು ಬೇಕು.

60 ಕಿಲೋದವರ ಅದೇ 96 ಮೈಕ್ರೋಗ್ರಾಂ ಲೆಕ್ಕದಲ್ಲಿ, ಮೀನಿನಲ್ಲಿ ಕಿಲೋಗೆ 0.05 ಮಿ.ಗ್ರಾಂ ಇದ್ದರೆ ವಾರಕ್ಕೆ ಎರಡು ಕಿಲೋ ಹತ್ತಿರ ತಿನ್ನಬಹುದು, 0.5 ಇದ್ದರೆ 190 ಗ್ರಾಂ. ಬೇಗ ಬೆಳೆಯುವ, ಒಂದೂವರೆ ಕಿಲೋ ಒಳಗಿನ ಸಾಕಿದ ರೋಹು, ಕಾಟ್ಲಾಗಳು 0.05ರ ಕಡೆಗಿರುತ್ತವೆ. ಬಸುರಿಯರು ಮೀನು ಬಿಡುವುದು ಬೇಡ, ದೊಡ್ಡ ಕೊರಮೀನು, ದೊಡ್ಡ ಬಾಳೆ ಮೀನು ಬಿಟ್ಟು ಇವನ್ನು ತಿಂದರಾಯಿತು.

ಕೆರಿದಂಡಿ (ಕಲಬುರಗಿ)

ಕೊರಮೀನು 12 ಸಿಗೋದು ಕಷ್ಟ ಅದ, ಏಳು ಸಿಗಬಹುದು. ಎಲ್ಲಾ ಕೂಡಿಸಿ ರುಬ್ಬಿ ಒಂದೇ ಸ್ಯಾಂಪಲ್ ಮಾಡಿದ್ರ ಖರ್ಚೂ ಉಳೀತದ. ನಡೀತದಾ?

ಕಾರಂಜಾ_ಹಿನ್ನೀರು (ಬೀದರ್)

ಏಳು ನಡೀತದ, ರುಬ್ಬೋದು ನಡಿಯಂಗಿಲ್ಲ. ಕೂಡಿಸಿದ್ರ ಉದ್ದಕ್ಕ ತಕ್ಕಂಗ ಏರೋದು ಕಾಣಂಗೇ ಇಲ್ಲ, ಒಂದು ಮುದಿ ಮೀನು ಇಡೀ ಅಂಕಿ ಕೆಡಸ್ತದ. ಏಳೂ ಬ್ಯಾರೆ ಬ್ಯಾರೆ ಅಳಸ್ರಿ. ಖರ್ಚು ಉಳಸಬೇಕಂದ್ರ ರೋಹು ಮೂರ್ಮೂರು ಕೂಡಸ್ರಿ, ಒಂದೇ ಅಳತಿಯವು ಇರ್ಲಿ. ಪ್ರತಿ ಬ್ಯಾಚಿನಾಗ ಡಾರ್ಮ್ ಅಂತ ಬರೋ ಪ್ರಮಾಣಿತ ಮೀನಿನ ಪುಡಿ ಒಮ್ಮಿ ಓಡಸ್ಲಿಕ್ಕೆ ಲ್ಯಾಬಿನವರಿಗೆ ಹೇಳ್ರಿ. ಅದರ ಅಂಕಿ ಶೇ. 90–110ರ ಹೊರಗ ಬಂದ್ರ ಆ ಬ್ಯಾಚ್ ತಿರುಗಿ ಮಾಡಸ್ರಿ.